‘ನಾ ಪೆಡಲ್ ಒತ್ತೇ ಇಲ್ರೀ ಸಾರ್’: ಕಾರ್ಖಾನೆಗಳ ಇಲಾಖೆಯ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಬೆಂಗಳೂರಿನ ಪೀಣ್ಯದ, ತಗಡು ಒತ್ತಿ ಬಿಡಿಭಾಗ ಮಾಡುವ ಒಂದು ಪ್ರೆಸ್ ಶಾಪ್‌ನಲ್ಲಿ ಸೂಪರ್‌ವೈಸರ್. ಹೆಲ್ಪರ್ ಆಗಿ ಸೇರಿದವನು, ಆಮೇಲೆ ಆಪರೇಟರ್, ಆಮೇಲೆ ಪ್ರೆಸ್ಸಿಗೆ ಡೈ, ಅಂದರೆ ಅಚ್ಚು, ಕಟ್ಟುವ ಡೈ ಸೆಟ್ಟರ್, ಹೀಗೆ ಇಪ್ಪತ್ತಾರು ವರ್ಷ ಆಯಿತು. ಹತ್ತೂ ಬೆರಳು ನೆಟ್ಟಗಿವೆ. ಜಂಬಕ್ಕೆ ಹೇಳುತ್ತಿಲ್ಲ. ನಮ್ಮ ಕಸುಬಿನಲ್ಲಿ ಇಬ್ಬರು ಹಳಬರು ಎದುರಾದರೆ ಮುಖಕ್ಕಿಂತ ಮೊದಲು ಕೈ ನೋಡುವ ಚಾಳಿ ಇದೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಇದು ದೂರಿನ ಪತ್ರ ಅಲ್ಲ. ಹತ್ತು ವರ್ಷದ ಹಿಂದೆ ನಾನೇ ಅಪಘಾತದ ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೆದೆ. ಆ ಸಾಲು ಸುಳ್ಳು ಅಂತ ಬರೆಯುವಾಗಲೇ ನನಗೆ ಗೊತ್ತಿತ್ತು. ಅದನ್ನು ಇವತ್ತು ಎಲ್ಲರ ಮುಂದೆ ಹೊಡೆದು ಹಾಕಿ, ನಿಮ್ಮಿಂದ ಒಂದು ಕೆಲಸ ಆಗಬೇಕು ಅಂತ ಕೇಳುವುದಕ್ಕೆ ಈ ಪತ್ರ.

ಸಾಲು ಇಷ್ಟೇ: “ಕೆಲಸಗಾರನ ಅಜಾಗರೂಕತೆಯಿಂದ ಸಂಭವಿಸಿದೆ.”

ಹುಡುಗ ರಾಯಚೂರು ಕಡೆಯವನು. ಬಂದು ಹನ್ನೊಂದು ದಿನ ಆಗಿತ್ತು. ಬೈಕಿನ ಸೀಟಿನ ಕೆಳಗೆ ಕೂರುವ ಒಂದು ಸಣ್ಣ ಕ್ಲಾಂಪ್ ಹೊಡೆಯುವ ಕೆಲಸ, 30 ಟನ್ ಬಲದಲ್ಲಿ ಒತ್ತುವ ಹಳೆಯ ಪ್ರೆಸ್. ಎಡಗೈಯಲ್ಲಿ ತಗಡಿನ ತುಂಡು ಇಡಬೇಕು, ಬಲಗಾಲಲ್ಲಿ ಪೆಡಲ್ ಒತ್ತಬೇಕು, ಮೇಲಿಂದ ಬಂದು ತಗಡನ್ನು ಒತ್ತುವ ಪಂಚ್ ಇಳಿದು ಮೇಲೆ ಹೋದ ಮೇಲೆ ಬಲಗೈಯಲ್ಲಿ ಪೀಸ್ ತೆಗೆದು ಕ್ರೇಟಿಗೆ ಹಾಕಬೇಕು. ಟೀ ಟೈಮಿಗೆ ಇನ್ನೂ ಹತ್ತು ನಿಮಿಷ ಇತ್ತು. ಪೀಸ್ ಡೈಯಲ್ಲಿ ಕಚ್ಚಿಕೊಂಡಿತು. ಪಂಚ್ ಮೇಲಿದೆ, ಕಾಲು ಪೆಡಲ್ ಮೇಲಿಲ್ಲ, ಇವನು ಬೆರಳಲ್ಲಿ ಎಬ್ಬಿಸಲು ಹೋದ. ಪಂಚ್ ಇನ್ನೊಂದು ಸಲ ತಾನಾಗೇ ಇಳಿಯಿತು.

ಅವನು ಕಿರುಚಲಿಲ್ಲ. ಅದು ಇವತ್ತಿಗೂ ನನಗೆ ಮರೆಯುವುದಿಲ್ಲ. ಕೈ ಎದೆಗೆ ಒತ್ತಿಕೊಂಡು ನನ್ನ ಮುಖ ನೋಡಿದ. ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ, “ನಾ ಪೆಡಲ್ ಒತ್ತೇ ಇಲ್ರೀ ಸಾರ್” ಅಂದ. ಆಸ್ಪತ್ರೆಗೆ ಹೋಗುವ ಆಟೋದಲ್ಲೂ ಅದನ್ನೇ ಹೇಳಿದ. ನೋವು ಅನ್ನಲಿಲ್ಲ, ನೀರು ಬೇಕು ಅನ್ನಲಿಲ್ಲ. ಒತ್ತಿಲ್ಲ ಒತ್ತಿಲ್ಲ ಅಂತ ಅಷ್ಟೇ.

ಅವನು ಹೇಳಿದ್ದು ನಿಜ. ಒತ್ತಿರಲಿಲ್ಲ.

ಯಾಕೆ ಅಂತ ಹೇಳಬೇಕಾದರೆ ಆ ಮೆಷಿನ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಬೇಕು. ನಿಮಗೆ ಗೊತ್ತಿರುತ್ತದೆ. ಆದರೆ ಪತ್ರ ಓದುವ ಬೇರೆಯವರಿಗೆ ಗೊತ್ತಿರಲಿಕ್ಕಿಲ್ಲ, ಮತ್ತೆ ನಿಜ ಹೇಳಬೇಕೆಂದರೆ ಪ್ರೆಸ್ ಇಟ್ಟುಕೊಂಡಿರುವ ಎಷ್ಟೋ ಮಾಲೀಕರಿಗೂ ಗೊತ್ತಿಲ್ಲ. ಹಳೆಯ ಮೆಕ್ಯಾನಿಕಲ್ ಪ್ರೆಸ್‌ನಲ್ಲಿ ಪಕ್ಕಕ್ಕೆ ಒಂದು ದೊಡ್ಡ ಫ್ಲೈವೀಲ್ ಇರುತ್ತದೆ, ಮೋಟಾರ್ ಅದನ್ನು ಸುಮ್ನೆ ತಿರುಗಿಸುತ್ತಾ ಇರುತ್ತದೆ. ಪೆಡಲ್ ಒತ್ತಿದಾಗ ಒಳಗಿನ ಒಂದು ಕೀ, ಅಂದರೆ ಬೆರಳು ಗಾತ್ರದ ಒಂದು ಕಬ್ಬಿಣದ ಸರಳು, ಹೊರಳಿ ಫ್ಲೈವೀಲನ್ನು ಕ್ರ್ಯಾಂಕ್ ಶಾಫ್ಟಿಗೆ ಕಚ್ಚಿಸುತ್ತದೆ. ಒಂದು ಸಲ ಕಚ್ಚಿತು ಅಂದರೆ ಮುಗಿಯಿತು. ಪಂಚ್ ಕೆಳಗಿಳಿದು ಪೂರ್ತಿ ಒಂದು ಸುತ್ತು ಮುಗಿಸಿಯೇ ನಿಲ್ಲುವುದು. ನಡುವೆ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಎಮರ್ಜೆನ್ಸಿ ಬಟನ್ ಒತ್ತಿದರೆ ಮೋಟಾರ್ ನಿಲ್ಲುತ್ತದೆ, ಫ್ಲೈವೀಲ್ ನಿಲ್ಲುವುದಿಲ್ಲ. ಕರೆಂಟ್ ಹೋದ ಮೇಲೂ ಅದು ತನ್ನ ಪಾಡಿಗೆ ತಿರುಗುತ್ತಿರುತ್ತದೆ, ಆಗಲೂ ಒಂದು ಬೆರಳಿಗೆ ಬೇಕಾದಷ್ಟು ಬಲ ಅದರಲ್ಲಿ ಇರುತ್ತದೆ. ‘ಮೆಷಿನ್ ಆಫ್ ಮಾಡಿದ್ದೆ’ ಅಂತ ಡೈ ಒಳಗೆ ಕೈ ಹಾಕಿ ಬೆರಳು ಕಳೆದುಕೊಂಡ ಡೈ ಸೆಟ್ಟರ್‌ಗಳನ್ನು ನಾನು ಕಂಡಿದ್ದೇನೆ.

ಸುತ್ತು ಮುಗಿದಾಗ ಆ ಕೀಯನ್ನು ವಾಪಸ್ ಹೊರಳಿಸಿ ಬಿಡಿಸುವುದು ಒಂದು ಸಣ್ಣ ಲಾಚ್. ಆ ಲಾಚನ್ನು ಜಾಗಕ್ಕೆ ಎಳೆದಿಡುವುದು ಒಂದು ಸ್ಪ್ರಿಂಗ್. ಸ್ಪ್ರಿಂಗ್ ಸೋತರೆ, ಕೀ ಮೂಲೆ ಸವೆದರೆ, ಪೆಡಲ್ ಒತ್ತದೇ ಇದ್ದರೂ ಪಂಚ್ ಎರಡನೇ ಸಲ ಬೀಳುತ್ತದೆ. ಇದಕ್ಕೆ ನಮ್ಮಲ್ಲಿ ಡಬಲ್ ಸ್ಟ್ರೋಕ್ ಅನ್ನುತ್ತಾರೆ. ಡಬಲ್ ಹೊಡೆಯುವ ಪ್ರೆಸ್ ಯಾವುದು ಅಂತ ಆ ಶಾಪ್‌ನ ಎಲ್ಲರಿಗೂ ಗೊತ್ತಿರುತ್ತದೆ, ಹೊಸ ಹುಡುಗನಿಗೆ ಬಿಟ್ಟು.

ನಮ್ಮ ಆ ಪ್ರೆಸ್‌ನ ಸ್ಪ್ರಿಂಗ್ ಮುರಿದು ಮೂರು ವಾರ ಆಗಿತ್ತು. ಅದರ ಬದಲಿಗೆ ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ ಬೈಂಡಿಂಗ್ ವೈರಲ್ಲಿ ಕಟ್ಟಿದ್ದರು. ಕಟ್ಟಿದ್ದು ನಾನಲ್ಲ, ಆದರೆ ದಿನಾ ನೋಡುತ್ತಿದ್ದೆ. ಕೈ ಒಳಗೆ ಹೋಗದ ಹಾಗೆ ತಡೆಯುವ ಮುಂದಿನ ಗಾರ್ಡ್ ಬಿಚ್ಚಿದ್ದು ಮಾತ್ರ ನಾನೇ. ಹೊಸ ಡೈ ಸ್ವಲ್ಪ ಎತ್ತರ ಇತ್ತು, ಹಳೆಯ ಗಾರ್ಡ್ ಕೂರಲಿಲ್ಲ, ಆರ್ಡರ್ ಅರ್ಜೆಂಟ್, ‘ನಾಳೆ ಮಾಡಿಸೋಣ’ ಅಂತ ಬಿಚ್ಚಿ ಕಿಟಕಿ ಪಕ್ಕ ಒರಗಿಸಿಟ್ಟೆ. ಅಪಘಾತದ ದಿನವೂ ಅದು ಅಲ್ಲೇ ಇತ್ತು. ಅದರ ಮೇಲೆ ಯಾರದೋ ಟವಲ್ ಒಣಗುತ್ತಿತ್ತು.

ಮಾರನೆಯ ದಿನ ಸ್ಪ್ರಿಂಗ್ ಬಂತು, ಗಾರ್ಡ್ ಕೂತಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ರಿಜಿಸ್ಟರ್ ಬಂದಾಗ ಮಾಲೀಕರು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹಿಂದಿನ ಪುಟಗಳಲ್ಲಿ ಕಾರಣದ ಕಾಲಂನಲ್ಲಿ ಏನಿತ್ತೋ ಅದನ್ನೇ ನಾನೂ ಇಳಿಸಿದೆ. ಕೆಲಸಗಾರನ ಅಜಾಗರೂಕತೆ. ಆ ಹುಡುಗನಿಗೆ ಆ ಪದ ಓದಿ ಹೇಳಿದವರು ಯಾರೂ ಇಲ್ಲ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನ. 1966ರಲ್ಲಿ ಅದೇ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಶುರುವಾದದ್ದಕ್ಕೆ ಆ ತಾರೀಖು. ಒಂದು ವಾರ ನಮ್ಮ ಬೀದಿ ತುಂಬಾ ಹಸಿರು ಬ್ಯಾನರ್. ಅಂಗಿಗೆ ಬ್ಯಾಡ್ಜ್, ಸಾಲಾಗಿ ನಿಂತು ಬಲಗೈ ಮುಂದೆ ಚಾಚಿ ಪ್ರತಿಜ್ಞೆ, ಘೋಷಣೆ ಬರೆಯುವ ಸ್ಪರ್ಧೆ, ಗೆದ್ದವರಿಗೆ ಟಿಫಿನ್ ಬಾಕ್ಸ್. ನಾನೂ ಒಂದು ವರ್ಷ ಗೆದ್ದಿದ್ದೇನೆ, ಮನೆಯಲ್ಲಿ ಆ ಬಾಕ್ಸ್ ಇನ್ನೂ ಇದೆ. ಎಲ್ಲಾ ಘೋಷಣೆಯ ಅರ್ಥವೂ ಒಂದೇ: ಹುಷಾರಾಗಿರು. ಪ್ರತಿಜ್ಞೆ ಮಾಡುವವನು ಕೆಲಸಗಾರ. ಮೆಷಿನ್ ಯಾವ ಪ್ರತಿಜ್ಞೆಯನ್ನೂ ಮಾಡುವುದಿಲ್ಲ, ಮೆಷಿನ್ ಕೊಂಡವರೂ ಮಾಡುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ ಕೇಳಿ. ಕೈಯಲ್ಲಿ ಪೀಸ್ ಇಟ್ಟು ತೆಗೆಯುವ ಕೆಲಸದಲ್ಲಿ ಎಂಟು ಗಂಟೆಗೆ 4000 ಪೀಸ್ ಅಂದರೆ ಅಂಥ ದೊಡ್ಡ ಟಾರ್ಗೆಟ್ ಏನಲ್ಲ. ಸುಮಾರು ಏಳು ಸೆಕೆಂಡಿಗೆ ಒಂದು. ಅಂದರೆ ಆ ಮನುಷ್ಯ ದಿನಕ್ಕೆ 4000 ಸಲ ಪಂಚ್ ಕೆಳಗೆ ಕೈ ಹಾಕಿ 4000 ಸಲ ತೆಗೆಯಬೇಕು. ವಾರಕ್ಕೆ ಆರು ದಿನ. ಹನ್ನೆರಡು ಗಂಟೆ ಶಿಫ್ಟ್ ಆದರೆ 6000. ಇದರಲ್ಲಿ 5999 ಸಲ ಹುಷಾರಾಗಿದ್ದು ಒಂದು ಸಲ ಮಗಳ ಜ್ವರದ ನೆನಪು ಬಂತು ಅನ್ನಿ, ಅದು ಅಜಾಗರೂಕತೆಯೇ? ನನ್ನನ್ನು ಕೇಳಿದರೆ ಹಾಗೆ ದಿನಕ್ಕೆ ಆರು ಸಾವಿರ ಸಲ ಎಚ್ಚರ ಇರಬಲ್ಲ ಮನುಷ್ಯ ಭೂಮಿ ಮೇಲೆ ಹುಟ್ಟಿಲ್ಲ. ಪ್ರೆಸ್ ನಿಮಿಷಕ್ಕೆ 60 ಸುತ್ತು ಹಾಕಿದರೆ ಪಂಚ್ ಮೇಲಿಂದ ಕೆಳಗೆ ಬರಲು ಬೇಕಾಗುವುದು ಅರ್ಧ ಸೆಕೆಂಡು. ನೋಡಿ, ಅರ್ಥ ಮಾಡಿಕೊಂಡು, ಕೈ ಹಿಂದಕ್ಕೆ ಎಳೆಯುವ ಅಷ್ಟೂ ಕೆಲಸ ಆ ಅರ್ಧ ಸೆಕೆಂಡಲ್ಲಿ ಆಗಬೇಕು. ರಾತ್ರಿ ಶಿಫ್ಟ್‌ನ ಕೊನೆಯ ಗಂಟೆಯಲ್ಲಿ.

ಅದಕ್ಕೇ ಕಾನೂನು ಬರೆದವರು ‘ಹುಷಾರಾಗಿರು’ ಅಂತ ಬರೆಯಲಿಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಂ ಹೇಳಿದ್ದು ಅಪಾಯದ ಭಾಗಕ್ಕೆ ಭದ್ರವಾದ ತಡೆ ಇರಲಿ, ಮೆಷಿನ್ ಓಡುವಾಗ ಆ ತಡೆ ಜಾಗದಲ್ಲೇ ಇರಲಿ ಅಂತ. ಕೈ ಹೋಗದ ಹಾಗೆ ಮಾಡಿ ಅಂತ ಅರ್ಥ. ಕೈ ಹೋದರೂ ಬೇಗ ತೆಗೆಯಲು ಕಲಿಸಿ ಅಂತ ಅಲ್ಲ. ಇಷ್ಟು ಸ್ಪಷ್ಟ ಇದ್ದದ್ದನ್ನು ನಾವು ಬ್ಯಾನರ್ ಮಾಡಿ ನೇತು ಹಾಕಿಬಿಟ್ಟೆವು.

ಬೆರಳು ಹೋದ ಮೇಲಿನ ಕಾನೂನು ಇನ್ನೂ ಸ್ಪಷ್ಟ. 1923ರ ಪರಿಹಾರ ಕಾಯ್ದೆಯ ಹಿಂದುಗಡೆ ಒಂದು ಪಟ್ಟಿ ಇತ್ತು, ಓದಿದರೆ ಮಾಂಸದ ಅಂಗಡಿಯ ಬೋರ್ಡ್ ನೆನಪಾಗುತ್ತಿತ್ತು, ಕ್ಷಮಿಸಿ. ಪೂರ್ತಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿ ಶೇ. 30 ಹೋಯಿತು ಅಂತ ಲೆಕ್ಕ. ಪೂರ್ತಿ ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಉಂಗುರಬೆರಳೋ ಕಿರುಬೆರಳೋ ಆದರೆ ಶೇ. 7. ಗೆಣ್ಣಿನ ಲೆಕ್ಕದಲ್ಲೂ ದರ ಇತ್ತು. ನಮ್ಮ ಹುಡುಗನದು ಬಲಗೈ ತೋರುಬೆರಳಿನ ಎರಡು ಗೆಣ್ಣು, ಶೇ. 11. ನಡುಬೆರಳಿನ ಎರಡು ಗೆಣ್ಣು, ಶೇ. 9. ಕೂಡಿಸಿದರೆ 20. ಇಎಸ್ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಲೆಕ್ಕದಲ್ಲಿ ತಿಂಗಳಿಗೆ 15,000 ಸಂಬಳ ಇದ್ದವನಿಗೆ ಶೇ. 20 ಅಂದರೆ ಸಂಬಳದ ಶೇ. 90ರಲ್ಲಿ ಐದನೇ ಒಂದು ಪಾಲು, 2700 ರೂಪಾಯಿ ಆಸುಪಾಸು. ಬದುಕಿರುವ ತನಕ ಬರುತ್ತದೆ, ಅದು ಒಳ್ಳೆಯದೇ. ಆದರೆ ಎರಡು ಬೆರಳಿಲ್ಲದ ಬಲಗೈ ಇಟ್ಟುಕೊಂಡು ಇನ್ನೊಂದು ಪ್ರೆಸ್ ಶಾಪ್ ಬಾಗಿಲಿಗೆ ಹೋಗಿ ನೋಡಿ. ಶೇ. 80 ಕೆಲಸ ಯಾರೂ ಕೊಡುವುದಿಲ್ಲ. ಗೇಟಲ್ಲೇ ಕೈ ನೋಡಿ ಆಮೇಲೆ ಫೋನ್ ಮಾಡುತ್ತೇವೆ ಅನ್ನುತ್ತಾರೆ.

ಇಎಸ್ಐ ಮಾತು ಬಂತು, ಒಂದು ಅಡ್ಡ ಮಾತು. ಕೆಲಸಕ್ಕೆ ಸೇರಿದ ಮೊದಲ ದಿನವೇ ಪೆಟ್ಟಾದರೂ ಇಎಸ್ಐ ಸಿಗುತ್ತದೆ, ಇಷ್ಟು ತಿಂಗಳು ಕಟ್ಟಿರಬೇಕು ಅಂತ ಏನೂ ಇಲ್ಲ. 15,000 ಸಂಬಳಕ್ಕೆ ಮಾಲೀಕರು ಕಟ್ಟಬೇಕಾದದ್ದು ಶೇ. 3.25, ತಿಂಗಳಿಗೆ 500 ರೂಪಾಯಿಯೂ ಆಗುವುದಿಲ್ಲ. ಆದರೂ ಹುಡುಗ ನಿಲ್ಲುತ್ತಾನೋ ಓಡುತ್ತಾನೋ ನೋಡೋಣ ಅಂತ ಎರಡು ಮೂರು ತಿಂಗಳು ಹೆಸರೇ ಹಾಕಿಸುವುದಿಲ್ಲ. ಬೆರಳು ಹೋದ ದಿನ ಕಂಪ್ಯೂಟರ್ ಮುಂದೆ ಕೂತು ಗಡಿಬಿಡಿಯಲ್ಲಿ ಇಎಸ್ಐ ಗುರುತಿನ ಇ-ಪೆಹಚಾನ್ ಕಾರ್ಡ್ ತೆಗೆಸುತ್ತಾರೆ. ಕಾರ್ಡಿನ ತಾರೀಖು, ಅಪಘಾತದ ತಾರೀಖು ಎರಡೂ ಅಕ್ಕಪಕ್ಕ ಇಟ್ಟು ನೋಡಿದರೆ ಯಾರಿಗಾದರೂ ಕಾಣುತ್ತದೆ.

ನಮ್ಮಂಥ ಶಾಪ್‌ಗಳ ಮೇಲೆ ದೊಡ್ಡ ಕಂಪನಿಗಳಿವೆ ಅಲ್ವಾ, ನಮ್ಮಿಂದ ಪಾರ್ಟ್ ತೆಗೆದುಕೊಳ್ಳುವವು, ಅವರ ಆಡಿಟ್ ಹೇಗಿರುತ್ತದೆ ಗೊತ್ತಾ? ಕ್ಲಾಂಪಿನ ಅಂಚಲ್ಲಿ ಬರ್, ಅಂದರೆ ಉಳಿದ ಚೂಪು, ಕೂದಲೆಳೆಯಷ್ಟು ಜಾಸ್ತಿ ಇದ್ದರೆ ಇಡೀ ಲಾಟ್ ವಾಪಸ್. ಯಾವ ತಗಡಿನ ಕಾಯಿಲ್, ಯಾವ ಡೈ, ಯಾವ ಶಿಫ್ಟ್, ಯಾವ ಆಪರೇಟರ್, ಎಲ್ಲಾ ಬರೆದು ಕೊಡಬೇಕು. ಯಾಕಾಯಿತು, ಅದು ಯಾಕಾಯಿತು, ಅದಾದರೂ ಯಾಕಾಯಿತು ಅಂತ ಐದು ಸಲ ಕೇಳಿಸಿ ಉತ್ತರ ಬರೆಸುತ್ತಾರೆ. ಅಲ್ಲಿ ‘ಆಪರೇಟರ್ ಅಜಾಗರೂಕತೆ’ ಅಂತ ಬರೆದರೆ ಒಪ್ಪುವುದೇ ಇಲ್ಲ! ಇದು ಕಾರಣ ಅಲ್ಲ, ಆಪರೇಟರ್ ತಪ್ಪು ಮಾಡಿದರೂ ತಪ್ಪು ಪೀಸ್ ಬರದ ಹಾಗೆ ಡೈಯಲ್ಲಿ ಏನು ಮಾಡಿದಿರಿ ಹೇಳಿ ಅಂತ ಶೀಟ್ ವಾಪಸ್ ಕಳಿಸುತ್ತಾರೆ. ಒಂದು ಕ್ಲಾಂಪಿಗೆ ಇರುವ ಈ ಮರ್ಯಾದೆ ಒಂದು ಬೆರಳಿಗೆ ಯಾಕಿಲ್ಲ ಅಂತ ನಾನು ಆ ಹೊತ್ತಲ್ಲಿ ಯೋಚನೆ ಮಾಡಿದ್ದರೆ ಆ ಸಾಲು ಬರೆಯುತ್ತಿರಲಿಲ್ಲ. ಹರಿಯಾಣದ ಗುರುಗ್ರಾಮ, ಮಾನೇಸರ್ ಕಡೆ ಬೆರಳು ಕಳೆದುಕೊಂಡ ಆಟೋ ಪಾರ್ಟ್ಸ್ ಕೆಲಸಗಾರರ ಜೊತೆ ಓಡಾಡುವ ‘ಸೇಫ್ ಇನ್ ಇಂಡಿಯಾ’ ಅನ್ನುವ ಸಂಸ್ಥೆಯವರು ಮೇಲಿನ ದೊಡ್ಡ ಕಂಪನಿಗಳನ್ನು ಈ ವಿಷಯದಲ್ಲಿ ವರ್ಷಾ ವರ್ಷ ಕೇಳುತ್ತಾ ಬಂದಿದ್ದಾರೆ. ನಮ್ಮ ಪೀಣ್ಯ, ಕಾಮಾಕ್ಷಿಪಾಳ್ಯ, ರಾಜಗೋಪಾಲನಗರದ ಬೆರಳುಗಳನ್ನೂ ಯಾರಾದರೂ ಹಾಗೆ ಕೂತು ಎಣಿಸಬೇಕು.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲದೇ ಇಲ್ಲ. ಜಾಬ್ ವರ್ಕ್ ಮಾಡುವವರಿಗೆ ಪೀಸಿಗೆ ಇಷ್ಟು ಪೈಸೆ ಅಂತ ರೇಟ್. ಶೆಡ್ ಬಾಡಿಗೆ, ಕರೆಂಟ್ ಬಿಲ್, ಮೂರು ತಿಂಗಳಿಗೆ ಬರುವ ಪೇಮೆಂಟ್. ಯಾರೋ ಬಂದು ಲೈಟ್ ಕರ್ಟನ್ ಹಾಕಿಸಿ, ಅಂದರೆ ಕೈ ಅಡ್ಡ ಬಂದರೆ ಮೆಷಿನ್ ನಿಲ್ಲುವ ಸೆನ್ಸರ್ ಹಾಕಿಸಿ ಅನ್ನುತ್ತಾರೆ. ಇದು ಗೊತ್ತಿಲ್ಲದವರ ಮಾತು, ಸರ್. ನ್ಯೂಮ್ಯಾಟಿಕ್ ಕ್ಲಚ್, ಅಂದರೆ ಗಾಳಿಯ ಒತ್ತಡದ ಕ್ಲಚ್ ಇರುವ ಹೊಸ ಪ್ರೆಸ್‌ಗೆ ಅದು ಬಹಳ ಒಳ್ಳೆಯದು, ಯಾಕೆಂದರೆ ಅದನ್ನು ನಡುದಾರಿಯಲ್ಲಿ ನಿಲ್ಲಿಸಬಹುದು. ಆಗಲೇ ಹೇಳಿದ ಆ ಕೀ ಇರುವ, ಅಂದರೆ ಕೀ ಕ್ಲಚ್ ಇರುವ ಹಳೆಯ ಪ್ರೆಸ್‌ಗೆ ಹಾಕಿಸಿದರೆ ಅದು ಬರೀ ಸೀರಿಯಲ್ ಸೆಟ್ ಲೈಟು. ಸೆನ್ಸರ್ ಕೂಗುತ್ತದೆ, ಪಂಚ್ ಇಳಿಯುತ್ತದೆ. ಆದರೂ ಹಾಕಿಸಿದ್ದನ್ನು ನೋಡಿದ್ದೇನೆ, ಆಡಿಟ್‌ಗೆ ಫೋಟೋ ಚೆನ್ನಾಗಿ ಬರುತ್ತದೆ ಅಂತ.

ಹಳೆಯ ಪ್ರೆಸ್‌ಗೆ ಬೇಕಾದದ್ದು ಸಾದಾ ವಸ್ತು. ಡೈ ಸುತ್ತ ಸರಳಿನ ಗಾರ್ಡ್, ಬೆರಳು ತೂರದಷ್ಟು ಸಂದಿ. ತಗಡು ಹೋಗಲು ಮಾತ್ರ ಒಂದು ಸೀಳು, ಪೀಸ್ ತಾನಾಗೇ ಜಾರಿ ಹಿಂದಕ್ಕೆ ಬೀಳಲು ಒಂದು ಜಾರುಹಲಗೆ. ಗಾರ್ಡನ್ನು ಡೈ ಜೊತೆಗೇ ಬೋಲ್ಟ್ ಮಾಡಿಬಿಟ್ಟರೆ ಡೈ ಬದಲಾದಾಗ ಗಾರ್ಡೂ ತಾನಾಗೇ ಬದಲಾಗುತ್ತದೆ, ಆಗ ನನ್ನ ಹಾಗೆ ಬಿಚ್ಚಿ ಕಿಟಕಿಗೆ ಒರಗಿಸುವ ಪ್ರಶ್ನೆಯೇ ಬರುವುದಿಲ್ಲ. ಡೈ ಮಾಡಿಸುವಾಗಲೇ ಆರ್ಡರಿನಲ್ಲಿ ಸೇರಿಸಿದರೆ ಡೈ ಖರ್ಚಿನ ಮುಂದೆ ಅದು ಏನೇನೂ ಅಲ್ಲ. ಒಂದೊಂದೇ ಪೀಸ್ ಇಡಲೇಬೇಕು ಅನ್ನುವ ಕೆಲಸಕ್ಕೆ ಇಕ್ಕಳ ಕೊಡಿ, ಇಲ್ಲಾ ಕಡ್ಡಿ ತುದಿಗೆ ಮ್ಯಾಗ್ನೆಟ್. ಇಕ್ಕಳ ಅಲ್ಯೂಮಿನಿಯಂದೇ ಇರಲಿ, ಡೈಯಲ್ಲಿ ಸಿಕ್ಕಿಕೊಂಡರೆ ಇಕ್ಕಳ ಅಪ್ಪಚ್ಚಿ ಆಗುತ್ತದೆ, ಡೈ ಉಳಿಯುತ್ತದೆ. ಡೈ ಉಳಿಯುತ್ತದೆ ಅಂದ ತಕ್ಷಣ ಮಾಲೀಕರು ಒಪ್ಪುತ್ತಾರೆ, ಇದು ನನ್ನ ಅನುಭವ! ಪೆಡಲ್ ಮೇಲೆ ಒಂದು ಕವಚ ಇರಲಿ, ಮೇಲಿಂದ ಕ್ರೇಟ್ ಬಿದ್ದರೆ, ಪಕ್ಕದವನು ಅರಿಯದೆ ಮೆಟ್ಟಿದರೆ ಸ್ಟ್ರೋಕ್ ಆಗಬಾರದು. ಡೈ ಕಟ್ಟುವಾಗ ಪಂಚ್ ಹೊತ್ತು ಇಳಿಯುವ ರ‍್ಯಾಮ್ ಕೆಳಗೆ ಒಂದು ಸೇಫ್ಟಿ ಬ್ಲಾಕ್ ಇಡಬೇಕು, ಫ್ಲೈವೀಲ್ ಪೂರ್ತಿ ನಿಂತಿದೆಯಾ ಅಂತ ಕಣ್ಣಾರೆ ನೋಡಬೇಕು, ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಕೀ ಡೈ ಸೆಟ್ಟರ್ ಜೇಬಲ್ಲಿ ಇರಬೇಕು. ಲಾಚ್ ಸ್ಪ್ರಿಂಗ್ ಒಂದನ್ನು ಶೋಕೇಸಲ್ಲಿ ಇಟ್ಟ ಹಾಗೆ ಸ್ಟೋರಲ್ಲಿ ಇಟ್ಟಿರಬೇಕು. ಅದೇನು ಬಂಗಾರದ್ದಲ್ಲ.

ಪ್ರೆಸ್ ಬಿಟ್ಟು ಬೇರೆ ಅಪಾಯಗಳೂ ಇವೆ, ಎಲ್ಲಾ ಬರೆಯುತ್ತಾ ಕೂತರೆ ಪತ್ರ ಮುಗಿಯುವುದಿಲ್ಲ. ಒಂದು ಮಾತ್ರ ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ಸುರಕ್ಷತೆ ಹೆಸರಲ್ಲೇ ಅಪಾಯ ಮಾಡುತ್ತೇವೆ. ಡ್ರಿಲ್ಲಿಂಗ್ ಮೆಷಿನ್ ಮುಂದೆ ಬಟ್ಟೆಯ ಗ್ಲೌಸ್ ಹಾಕಿಸುತ್ತಾರೆ. ತಿರುಗುವ ಯಾವ ಮೆಷಿನ್ ಮುಂದೆಯೂ ಗ್ಲೌಸ್ ಬೇಡ. ಒಂದು ನೂಲು ಡ್ರಿಲ್ಲಿಗೆ ಸುತ್ತಿದರೆ ಗ್ಲೌಸ್ ಜೊತೆ ಕೈಯೂ ಹೋಗುತ್ತದೆ, ಬರಿಗೈ ಆದರೆ ಸಿಗಿದರೂ ಬಿಡಿಸಿಕೊಳ್ಳುತ್ತದೆ. ಆದರೆ ಚೆಕ್‌ಲಿಸ್ಟ್‌ನಲ್ಲಿ ‘ಗ್ಲೌಸ್: ಇದೆ’ ಅಂತ ಟಿಕ್ ಬೀಳಬೇಕಲ್ಲ, ಹಾಗಾಗಿ ಆಡಿಟ್ ದಿನ ಎಲ್ಲರ ಕೈಗೂ ಗ್ಲೌಸ್.

ಇನ್ನು ಹೊಸ ಕಾನೂನು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯ್ದೆಯಲ್ಲಿ ಕರೆಂಟ್ ಬಳಸುವ ಜಾಗದಲ್ಲಿ 10 ಜನ ಇದ್ದರೆ ಅದು ಕಾರ್ಖಾನೆ. ಹೊಸದರಲ್ಲಿ 20 ಜನ. ನಮ್ಮ ಬೀದಿಯಲ್ಲಿ ಎರಡು ಪ್ರೆಸ್, ಒಂದು ಡ್ರಿಲ್, ಆರೋ ಎಂಟೋ ಜನ ಇರುವ ಶೆಡ್‌ಗಳೇ ಜಾಸ್ತಿ. ಅವು ಮೊದಲೂ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ. ಈಗ ಹದಿನೈದು ಜನರ ಶೆಡ್ ಕೂಡ ಆ ಲೆಕ್ಕದಲ್ಲಿ ಕಾರ್ಖಾನೆ ಅಲ್ಲ. ಹದಿನೈದು ಜನ ಇದ್ದಾರೆ ಅಂತ 30 ಟನ್ನಿನ ಪ್ರೆಸ್ 15 ಟನ್ ಹೊಡೆಯುವುದಿಲ್ಲವಲ್ಲ. ಇದಕ್ಕೂ ಮೊದಲೇ 2023ರಲ್ಲಿ ನಮ್ಮ ರಾಜ್ಯದಲ್ಲೇ ಆ ಹಳೆಯ ಕಾಯ್ದೆ ತಿದ್ದಿ ದಿನಕ್ಕೆ ಹನ್ನೆರಡು ಗಂಟೆ ದುಡಿಸಲು ದಾರಿ ಮಾಡಿದ್ದರು. ವಾರಕ್ಕೆ 48 ಗಂಟೆ ಮೀರಬಾರದು, ನಾಲ್ಕು ದಿನ ದುಡಿದು ಮೂರು ದಿನ ರಜೆ ಅನ್ನುವ ಕನಸು. ಆ ಮೂರು ದಿನದ ರಜೆ ಸಿಕ್ಕವರು ಪೀಣ್ಯದಲ್ಲಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಇದೆಲ್ಲಾ ನಿಮ್ಮ ಕೈಯಲ್ಲಿಲ್ಲ, ಗೊತ್ತು. ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಕೇಳುತ್ತೇನೆ.

ಮೊದಲನೆಯದು, ಆ ಕಾಲಂ. ಅಪಘಾತದ ವರದಿಯಲ್ಲಿ ‘ಅಜಾಗರೂಕತೆ’ ಅನ್ನುವ ಪದವನ್ನು ಒಪ್ಪಬೇಡಿ. ಆ ದೊಡ್ಡ ಕಂಪನಿಯವರು ಕ್ಲಾಂಪಿನ ಶೀಟ್ ವಾಪಸ್ ಕಳಿಸಿದ ಹಾಗೆ ನೀವೂ ವಾಪಸ್ ಕಳಿಸಿ. ಬದಲಿಗೆ ಇಷ್ಟು ಕೇಳಿ: ಆ ಹೊತ್ತಿಗೆ ಗಾರ್ಡ್ ಎಲ್ಲಿತ್ತು? ಲಾಚ್, ಸ್ಪ್ರಿಂಗ್ ಕೊನೆಗೆ ಯಾವಾಗ ನೋಡಿದಿರಿ? ಅವತ್ತು ಅವನು ಎಷ್ಟನೇ ಗಂಟೆ ಕೆಲಸದಲ್ಲಿದ್ದ? ಸೇರಿ ಎಷ್ಟು ದಿನ ಆಗಿತ್ತು? ಅವತ್ತಿನ ಟಾರ್ಗೆಟ್ ಎಷ್ಟು? ಐದೇ ಪ್ರಶ್ನೆ. ನಾನು ಹತ್ತು ವರ್ಷದ ಹಿಂದೆ ಈ ಐದಕ್ಕೆ ಉತ್ತರ ಬರೆಯಬೇಕಾಗಿ ಬಂದಿದ್ದರೆ ಹೀಗೆ ಬರೆಯಬೇಕಿತ್ತು: ಕಿಟಕಿ ಪಕ್ಕ; ಮುರಿದು ಮೂರು ವಾರ; ಹತ್ತನೇ ಗಂಟೆ; ಹನ್ನೊಂದು ದಿನ; 5000. ಆ ಕೆಳಗೆ ‘ಅಜಾಗರೂಕತೆ’ ಅಂತ ಬರೆಯಲು ಕೈ ಬರುತ್ತಿತ್ತಾ?

ಎರಡನೆಯದು, ಬಂದಾಗ ಆಫೀಸ್ ರೂಮಿನಲ್ಲಿ ಫೈಲ್ ನೋಡುವ ಮೊದಲು ಪೆಡಲ್ ಹತ್ತಿರ ಬಗ್ಗಿ ನೋಡಿ. ಟ್ಯೂಬು, ವೈರು, ಹಗ್ಗ ಕಟ್ಟಿದ್ದರೆ ಅಲ್ಲೇ ಕಾಣುತ್ತದೆ. ಗಾರ್ಡಿನ ಬೋಲ್ಟ್ ನೋಡಿ. ದಿನಾ ಇರುವ ಗಾರ್ಡಿನ ಬೋಲ್ಟಿನ ಮೇಲೆ ಎಣ್ಣೆ, ಧೂಳು ಕೂತು ಕಪ್ಪಾಗಿರುತ್ತದೆ. ನೀವು ಬರುತ್ತೀರಿ ಅಂತ ಬೆಳಗ್ಗೆ ಹಾಕಿದ್ದಾದರೆ ಸ್ಪ್ಯಾನರ್ ಗುರುತು ಹೊಳೆಯುತ್ತಿರುತ್ತದೆ. ಇದು ನಮ್ಮವರಿಗೇ ಗೊತ್ತಿರುವ ಗುಟ್ಟು, ನಿಮಗೆ ಇದನ್ನು ಹೇಳಿಕೊಟ್ಟವನು ನಾನು ಅಂತ ನಮ್ಮ ಮಾಲೀಕರಿಗೆ ಗೊತ್ತಾದರೂ ಪರವಾಗಿಲ್ಲ.

ಮೂರನೆಯದು, ಹೊಸ ಸಂಹಿತೆಯಲ್ಲಿ ನಿಮ್ಮನ್ನು ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್ ಅನ್ನುತ್ತಾರೆ. ದಂಡ ಹಾಕುವುದಕ್ಕಿಂತ ದಾರಿ ತೋರಿಸುವವರು ಅಂತ ತಾನೆ ಅರ್ಥ? ಹಾಗಾದರೆ ತೋರಿಸಿ. 20 ಜನ ಇಲ್ಲದ ಶೆಡ್‌ಗೂ ದಾರಿ ತೋರಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ರಾಜಾಜಿನಗರದಲ್ಲಿ ಜಿಟಿಟಿಸಿ ಇದೆ, ಡೈ ಮಾಡುವುದನ್ನೇ ಕಲಿಸುವ ಸರ್ಕಾರಿ ಸಂಸ್ಥೆ, 1972ರಿಂದ ಇದೆ. ಅಲ್ಲಿನ ಹುಡುಗರ ಕೈಯಲ್ಲಿ ಕೀ ಕ್ಲಚ್ ಪ್ರೆಸ್‌ಗೆ ಹೊಂದುವ ನಾಲ್ಕೈದು ಅಳತೆಯ ಗಾರ್ಡಿನ ಡ್ರಾಯಿಂಗ್ ಮಾಡಿಸಿ, ಎಲ್ಲರಿಗೂ ಸಿಗುವ ಹಾಗೆ ಇಡಿ. ನಮ್ಮ ಬೀದಿಯ ಯಾವ ಫ್ಯಾಬ್ರಿಕೇಶನ್ ಅಂಗಡಿಯವನೂ ಅದನ್ನು ನೋಡಿ ಒಂದು ದಿನದಲ್ಲಿ ವೆಲ್ಡಿಂಗ್ ಮಾಡಿ ಕೊಡುತ್ತಾನೆ. ಗುಜರಿಯಲ್ಲಿ ಪ್ರೆಸ್ ಮಾರುವವರ ಮೇಲೂ ಒಂದು ಕಣ್ಣಿರಲಿ. ದೊಡ್ಡ ಕಾರ್ಖಾನೆ ಹಳೆಯದಾಯಿತು ಅಂತ ಮಾರಿದ ಪ್ರೆಸ್ ಗಾರ್ಡ್ ಇಲ್ಲದೆ ಸಣ್ಣ ಶೆಡ್‌ಗೆ ಬರುತ್ತದೆ, ಅಲ್ಲಿಂದ ಇನ್ನೂ ಸಣ್ಣ ಶೆಡ್‌ಗೆ. ಒಂದೊಂದು ಕೈ ಬದಲಾದಾಗಲೂ ಒಂದೊಂದು ಭಾಗ ಉದುರಿರುತ್ತದೆ.

ನಾಲ್ಕನೆಯದು ಸಣ್ಣದು. ಈಗ ಪ್ರೆಸ್ ಮುಂದೆ ಕೂರುವವರಲ್ಲಿ ಬಿಹಾರ, ಒಡಿಶಾದ ಹುಡುಗರು ಬಹಳ. ಬೋರ್ಡುಗಳು ಕನ್ನಡದಲ್ಲಿವೆ, ಇರಲೇಬೇಕು, ಆದರೆ ಡಬಲ್ ಸ್ಟ್ರೋಕ್ ಅಂದರೇನು ಅಂತ ಅವರ ಭಾಷೆಯಲ್ಲೂ ಯಾರಾದರೂ ಹೇಳಬೇಕು. ಚಿತ್ರ ಬರೆದು ಅಂಟಿಸಿದರೂ ಸಾಕು.

ಬೆರಳು ತುಂಡಾದರೆ ಏನು ಮಾಡಬೇಕು ಅನ್ನುವುದನ್ನೂ ಅದೇ ಗೋಡೆಗೆ ಅಂಟಿಸಿ, ಯಾಕೆಂದರೆ ನಾವು ಆ ದಿನ ಮಾಡಿದ್ದು ಪೂರಾ ತಪ್ಪು. ತುಂಡನ್ನು ಎಣ್ಣೆ ಹತ್ತಿದ ಕಾಟನ್ ವೇಸ್ಟ್‌ನಲ್ಲಿ ಸುತ್ತಿದೆವು, ಇನ್ನೊಬ್ಬ ಓಡಿಹೋಗಿ ಜ್ಯೂಸ್ ಅಂಗಡಿಯ ಐಸ್ ತಂದು ನೇರ ಅದರೊಳಗೇ ಹಾಕಿದ. ಮಾಡಬೇಕಾದ್ದು ಹೀಗೆ: ಶುದ್ಧ ಬಟ್ಟೆಯನ್ನು ಚೂರು ಒದ್ದೆ ಮಾಡಿ ತುಂಡನ್ನು ಸುತ್ತಿ, ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ಹಾಕಿದ ನೀರಲ್ಲಿ ಇಡಬೇಕು. ಐಸ್ ನೇರವಾಗಿ ಬೆರಳಿಗೆ ತಾಗಬಾರದು. ಗಾಯದ ಮೇಲೆ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ ಹಿಡಿಯಬೇಕು, ಬೆರಳು ಜೋಡಿಸುವ ಡಾಕ್ಟರು ಇರುವ ಆಸ್ಪತ್ರೆಗೇ ಹೋಗಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಪ್ರೆಸ್ ಪೆಟ್ಟು ಕತ್ತರಿಸಿದ ಹಾಗಿರುವುದಿಲ್ಲ, ಜಜ್ಜಿರುತ್ತದೆ, ಬಹಳ ಸಲ ಜೋಡಿಸಲು ಆಗುವುದಿಲ್ಲ. ನಮ್ಮ ಹುಡುಗನಿಗೂ ಡಾಕ್ಟರು ಹಾಗೇ ಹೇಳಿದರು. ಸರಿಯಾಗಿ ತಂದಿದ್ದರೂ ಆಗುತ್ತಿರಲಿಲ್ಲ ಅಂದರು. ನನ್ನ ಸಮಾಧಾನಕ್ಕೆ ಅಂದರೋ ಏನೋ.

ಅವನು ಈಗ ಊರಲ್ಲಿ ಒಂದು ಮೊಬೈಲ್ ರೀಚಾರ್ಜ್, ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಆಯುಧ ಪೂಜೆಗೆ ತಪ್ಪದೆ ಫೋನ್ ಮಾಡುತ್ತಾನೆ. ಆವತ್ತು ನಮ್ಮಲ್ಲಿ ಪ್ರೆಸ್‌ಗಳನ್ನೆಲ್ಲಾ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿ, ಕುಂಬಳಕಾಯಿ ಒಡೆದು, ಫ್ಲೈವೀಲ್ ಕೆಳಗೆ ನಿಂಬೆಹಣ್ಣು ಇಟ್ಟಿರುತ್ತೇವೆ. ಹೋದ ವರ್ಷ ಫೋನಲ್ಲಿ “ಆ ಮೂಲೆ ಮೆಷಿನ್‌ಗೂ ಪೂಜೆ ಮಾಡಿದ್ರೇನ್ರೀ ಸಾರ್?” ಅಂತ ಕೇಳಿದ. ಮಾಡಿದ್ದೆವು.

ಕಳೆದ ತಿಂಗಳು ಅದೇ ಪ್ರೆಸ್‌ಗೆ ಹೊಸ ಡೈ ಬಂತು. ಮತ್ತೆ ಎತ್ತರ ಜಾಸ್ತಿ, ಮತ್ತೆ ಗಾರ್ಡ್ ಕೂರುತ್ತಿಲ್ಲ, ಆರ್ಡರ್ ಯಥಾಪ್ರಕಾರ ಅರ್ಜೆಂಟ್. ಹೊಸ ಗಾರ್ಡ್ ಫ್ಯಾಬ್ರಿಕೇಶನ್ ಅಂಗಡಿಯಲ್ಲಿದೆ, ಬುಧವಾರ ಕೊಡುತ್ತೇನೆ ಅಂದಿದ್ದಾನೆ. ಅಲ್ಲಿಯ ತನಕ ಮೇನ್ ಸ್ವಿಚ್ಚಿಗೆ ಬೀಗ ಹಾಕಿದ್ದೇನೆ. ಮಾಲೀಕರು ಎರಡು ಸಲ ಬಂದು ನೋಡಿ ಹೋದರು. ಕೀ ನನ್ನ ಜೇಬಲ್ಲಿದೆ.

ಇಂತಿ,
ಪೀಣ್ಯದ ಒಬ್ಬ ಪ್ರೆಸ್ ಶಾಪ್ ಸೂಪರ್‌ವೈಸರ್